ಪ್ರೌಢಶಾಲೆಯಲ್ಲಿ ಕ್ಷೇಮಪಾಠ: ಸತತ ಪ್ರಯತ್ನ ಮತ್ತು ತನ್ಮಯತೆಯ ಶಿಕ್ಷಣ

ಪೀಠಿಕೆ

ವಿದ್ಯಾಭ್ಯಾಸದ ಹಾದಿಯಲ್ಲಿ ಪ್ರೌಢಶಾಲೆಯ ವರ್ಷಗಳು ಕವಲುದಾರಿಯಂತಿವೆ. ಬಾಲಕ ಬಾಲಕಿಯರ ದೇಹ ಮತ್ತು ಮನಸ್ಸುಗಳೆರಡೂ ವೇಗವಾಗಿ ಬದಲಾಗುತ್ತಿರುವ ಹೊತ್ತಿಗೇ ಪಾಠಗಳ ಭಾರ ಹೆಚ್ಚುತ್ತದೆ, ಸಾರ್ವಜನಿಕ ಪರೀಕ್ಷೆ ಎದುರಾಗುತ್ತದೆ, ಮುಂದಿನ ಬದುಕಿನ ಆಯ್ಕೆಗಳು ಬಾಗಿಲು ತಟ್ಟುತ್ತವೆ. ಈ ಒತ್ತಡವನ್ನು ತಾಳಲಾರದೆ ಕೆಲವು ಮಕ್ಕಳು ಶಾಲೆಯನ್ನೇ ತೊರೆಯುತ್ತಾರೆ. ಕೇಂದ್ರ ಶಿಕ್ಷಣ ಸಚಿವಾಲಯದ ಅಂಕಿಅಂಶಗಳಂತೆ 2021-22ರಲ್ಲಿ ದೇಶದ ಪ್ರೌಢ ಹಂತದಲ್ಲಿ ಶಾಲೆ ಬಿಟ್ಟವರ ಪ್ರಮಾಣ ಶೇಕಡ 12.6ರಷ್ಟಿತ್ತು. ಇದಕ್ಕೆ ಬಡತನ, ದೂರ, ಬಾಲ್ಯವಿವಾಹ, ದುಡಿಮೆಯ ಅಗತ್ಯ ಮುಂತಾದ ಕಾರಣಗಳು ಅನೇಕ. ಆದರೆ ತರಗತಿಯಲ್ಲಿ ಕುಳಿತಿದ್ದೂ ಮನಸ್ಸಿನಿಂದ ಶಾಲೆ ಬಿಟ್ಟಿರುವ ಮಕ್ಕಳ ಲೆಕ್ಕ ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ.

ಇನ್ನೂ ಕಳವಳಕಾರಿಯಾದ ಸಂಗತಿಯೊಂದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2021ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ 13,089 ವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರು. ಇಂತಹ ಸಾವುಗಳಿಗೆ ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗದು. ಆದರೂ ಸೋಲನ್ನು ಎದುರಿಸುವುದು ಹೇಗೆ, ದುಃಖವನ್ನು ಯಾರೊಡನೆ ಹೇಳಿಕೊಳ್ಳುವುದು, ಬಿದ್ದ ಮೇಲೆ ಏಳುವುದು ಹೇಗೆ ಎಂಬುದನ್ನು ಮಕ್ಕಳಿಗೆ ಕಲಿಸುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಸಮಾಜ ಬದಿಗೊತ್ತುವಂತಿಲ್ಲ. ಬೀಜಗಣಿತವನ್ನೂ ವ್ಯಾಕರಣವನ್ನೂ ಕಲಿಸುವಂತೆಯೇ ಇವುಗಳನ್ನೂ ಕ್ರಮಬದ್ಧವಾಗಿ ಕಲಿಸಬಹುದೆ? ಕಲಿಸಿದರೆ ಓದಿಗೆ ಹಿನ್ನಡೆಯಾಗುವುದೇ, ಮುನ್ನಡೆಯಾಗುವುದೇ? ಕಳೆದ ಎರಡು ದಶಕಗಳಲ್ಲಿ ಹಲವು ದೇಶಗಳು ಈ ಪ್ರಶ್ನೆಗಳಿಗೆ ಪ್ರಯೋಗಗಳ ಮೂಲಕ ಉತ್ತರ ಹುಡುಕಿವೆ.

ಕ್ಷೇಮ ಕೌಶಲಗಳೆಂದರೇನು?

ಕ್ಷೇಮವೆಂದರೆ ಕೇವಲ ರೋಗವಿಲ್ಲದಿರುವಿಕೆಯಲ್ಲ. ಸದಾ ನಗುತ್ತಿರುವುದೂ ಅಲ್ಲ. ತನ್ನ ಶಕ್ತಿಯನ್ನು ಅರಿತು, ದಿನನಿತ್ಯದ ಒತ್ತಡಗಳನ್ನು ನಿಭಾಯಿಸಿಕೊಂಡು, ಇತರರೊಡನೆ ಹೊಂದಿಕೊಂಡು, ಉಪಯುಕ್ತ ಕೆಲಸದಲ್ಲಿ ತೊಡಗಿರುವ ಸ್ಥಿತಿಯೇ ಕ್ಷೇಮ. ಈ ಸ್ಥಿತಿಗೆ ಬೇಕಾದ ನಡವಳಿಕೆಗಳನ್ನು ಅಭ್ಯಾಸದಿಂದ ರೂಢಿಸಿಕೊಳ್ಳಬಹುದಾದ್ದರಿಂದ ಅವುಗಳಿಗೆ ಕೌಶಲಗಳೆಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಶಾಲೆಗಳಿಗಾಗಿ ಹತ್ತು ಜೀವನ ಕೌಶಲಗಳನ್ನು ಗುರುತಿಸಿತು. ಅವು ಹೀಗಿವೆ:

1. ಸ್ವಅರಿವು
2. ಪರಾನುಭೂತಿ, ಅಂದರೆ ಇನ್ನೊಬ್ಬರ ನೋವನ್ನು ಅವರ ಸ್ಥಾನದಲ್ಲಿ ನಿಂತು ಅರಿಯುವುದು
3. ಪರಿಣಾಮಕಾರಿ ಸಂವಹನ
4. ಪರಸ್ಪರ ಸಂಬಂಧಗಳನ್ನು ಬೆಳೆಸಿ ಉಳಿಸಿಕೊಳ್ಳುವುದು
5. ಸೃಜನಶೀಲ ಚಿಂತನೆ
6. ವಿಮರ್ಶಾತ್ಮಕ ಚಿಂತನೆ
7. ನಿರ್ಧಾರ ಕೈಗೊಳ್ಳುವುದು
8. ಸಮಸ್ಯೆಗಳನ್ನು ಬಿಡಿಸುವುದು
9. ಭಾವನೆಗಳ ನಿರ್ವಹಣೆ
10. ಒತ್ತಡದ ನಿರ್ವಹಣೆ

ಇವುಗಳಲ್ಲಿ ಯಾವುದೂ ನಮ್ಮ ಮನೆಗಳಿಗೆ ಹೊಸತಲ್ಲ. ಅವಿಭಕ್ತ ಕುಟುಂಬದಲ್ಲಿ ಅಜ್ಜ ಅಜ್ಜಿಯರ ಮಾತಿನಿಂದಲೂ, ಅಣ್ಣ ಅಕ್ಕಂದಿರ ಒಡನಾಟದಿಂದಲೂ ಮಕ್ಕಳು ಇವನ್ನು ತಮಗರಿವಿಲ್ಲದೆ ಕಲಿಯುತ್ತಿದ್ದರು. ನಗರಗಳ ಚಿಕ್ಕ ಕುಟುಂಬಗಳಲ್ಲಿ ಅಂತಹ ಅವಕಾಶ ಕಡಿಮೆಯಾಗಿರುವುದರಿಂದ ಶಾಲೆಯ ಪಾತ್ರ ಹಿರಿದಾಗಿದೆ.

ಭೂತಾನದ ಪ್ರಯೋಗ

ಹಿಮಾಲಯದ ಮಡಿಲಿನ ಪುಟ್ಟ ದೇಶವಾದ ಭೂತಾನವು ರಾಷ್ಟ್ರದ ಪ್ರಗತಿಯನ್ನು ಕೇವಲ ಉತ್ಪನ್ನದಿಂದ ಅಳೆಯದೆ ಜನರ ಒಟ್ಟು ಸಂತೋಷದಿಂದ ಅಳೆಯಬೇಕೆಂಬ ತತ್ತ್ವವನ್ನು ಮುಂದಿಟ್ಟ ದೇಶ. ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರು 1970ರ ದಶಕದಲ್ಲಿ ಪ್ರತಿಪಾದಿಸಿದ ಈ ಚಿಂತನೆಯು 2008ರಲ್ಲಿ ಜಾರಿಗೆ ಬಂದ ಆ ದೇಶದ ಸಂವಿಧಾನದಲ್ಲಿಯೂ ಸ್ಥಾನ ಪಡೆಯಿತು. ಶಾಲೆಗಳಲ್ಲಿಯೂ ಇದೇ ತತ್ತ್ವವನ್ನು ಅಳವಡಿಸಲು ಬಯಸಿದ ಅಲ್ಲಿನ ಶಿಕ್ಷಣ ಸಚಿವಾಲಯವು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರಾದ ಅಲೆಹಾಂದ್ರೊ ಆಡ್ಲರ್ ಮತ್ತು ಮಾರ್ಟಿನ್ ಸೆಲಿಗ್‌ಮನ್ ಅವರ ಸಹಕಾರದೊಡನೆ ಪಠ್ಯಕ್ರಮವೊಂದನ್ನು ಸಿದ್ಧಪಡಿಸಿತು.

ಈ ಪಠ್ಯಕ್ರಮದಲ್ಲಿಯೂ ಹತ್ತು ಕೌಶಲಗಳಿದ್ದವು. ಮೇಲಿನ ಪಟ್ಟಿಯಲ್ಲಿರುವ ಒತ್ತಡ ನಿರ್ವಹಣೆಯ ಸ್ಥಾನದಲ್ಲಿ ಸಾವಧಾನತೆಯ ಅಭ್ಯಾಸವನ್ನು, ಅಂದರೆ ಮನಸ್ಸನ್ನು ಈ ಕ್ಷಣದಲ್ಲಿ ನೆಲೆನಿಲ್ಲಿಸುವ ಸಾಧನೆಯನ್ನು ಸೇರಿಸಲಾಗಿತ್ತು. 18 ಶಾಲೆಗಳ, 7ರಿಂದ 12ನೆಯ ತರಗತಿಯವರೆಗಿನ 8,385 ವಿದ್ಯಾರ್ಥಿಗಳು ಅಧ್ಯಯನದಲ್ಲಿ ಪಾಲ್ಗೊಂಡರು. ಯಾವ ಶಾಲೆಗೆ ಯಾವ ಪಾಠ ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. 11 ಶಾಲೆಗಳಲ್ಲಿ 15 ತಿಂಗಳ ಕಾಲ ಕ್ಷೇಮ ಕೌಶಲಗಳನ್ನು ಬೋಧಿಸಲಾಯಿತು. ಉಳಿದ 7 ಶಾಲೆಗಳಲ್ಲಿ ಅದೇ ಹೆಸರಿನಡಿ ಪೌಷ್ಟಿಕಾಂಶ, ದೇಹರಚನೆ ಮುಂತಾದ ಬೇರೆ ವಿಷಯಗಳನ್ನು ಕಲಿಸಲಾಯಿತು. ಹೊಸ ಪಾಠವೆಂಬ ಉತ್ಸಾಹದಿಂದಲೇ ಫಲಿತಾಂಶ ಬದಲಾಗುವ ಸಂಭವವಿರುವುದರಿಂದ, ನಿಜವಾದ ಪರಿಣಾಮವನ್ನು ಬೇರ್ಪಡಿಸಿ ನೋಡಲು ಈ ಕ್ರಮ ಅಗತ್ಯವಾಗಿತ್ತು.

ಕ್ಷೇಮ ಕೌಶಲಗಳನ್ನು ಕಲಿತ ಶಾಲೆಗಳ ವಿದ್ಯಾರ್ಥಿಗಳಲ್ಲಿ ಕ್ಷೇಮದ ಮಟ್ಟ ಹೆಚ್ಚಿತು. ಅಷ್ಟೇ ಅಲ್ಲ, ಪ್ರಮಾಣಿತ ಪರೀಕ್ಷೆಗಳಲ್ಲಿ ಅವರ ಅಂಕಗಳೂ ಗಣನೀಯವಾಗಿ ಏರಿದವು. ಪಾಠ ಮುಗಿದ ಒಂದು ವರ್ಷದ ನಂತರವೂ ಈ ಅಂತರ ಉಳಿದಿತ್ತು. ಅಂಕಗಳು ಏರಿದ ಹಾದಿಯನ್ನು ವಿಶ್ಲೇಷಿಸಿದಾಗ ಮೂರು ಅಂಶಗಳು ಎದ್ದು ಕಂಡವು. ಅವೆಂದರೆ ಸತತ ಪ್ರಯತ್ನ, ಕಲಿಕೆಯಲ್ಲಿ ತನ್ಮಯತೆ, ಮತ್ತು ಶಿಕ್ಷಕರೊಡನೆಯೂ ಸಹಪಾಠಿಗಳೊಡನೆಯೂ ಉತ್ತಮ ಬಾಂಧವ್ಯ.

ಇದೇ ಮಾದರಿಯನ್ನು ಅಲ್ಲಲ್ಲಿನ ಸಂಸ್ಕೃತಿಗೆ ತಕ್ಕಂತೆ ಮಾರ್ಪಡಿಸಿ ಮೆಕ್ಸಿಕೊ ದೇಶದ 70 ಶಾಲೆಗಳಲ್ಲಿಯೂ, ಪೆರು ದೇಶದ 694 ಶಾಲೆಗಳಲ್ಲಿಯೂ ಪರೀಕ್ಷಿಸಲಾಯಿತು. ಎರಡೂ ಕಡೆ ಫಲಿತಾಂಶ ಅನುಕೂಲಕರವಾಗಿಯೇ ಇತ್ತು. ಆದರೆ ಪೆರುವಿನಂತಹ ವಿಶಾಲ ಕಾರ್ಯಕ್ರಮದಲ್ಲಿ ಪರಿಣಾಮದ ಗಾತ್ರ ಭೂತಾನಕ್ಕಿಂತ ಕಡಿಮೆಯಾಗಿತ್ತು. ತರಬೇತಿಯು ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹಂತಹಂತವಾಗಿ ಇಳಿದು ಶಿಕ್ಷಕರನ್ನು ತಲುಪುವ ವ್ಯವಸ್ಥೆಯಲ್ಲಿ ಅದರ ಸತ್ತ್ವ ತೆಳುವಾಗುವ ಸಾಧ್ಯತೆ ಇರುತ್ತದೆ. ದೊಡ್ಡ ಸಂಖ್ಯೆಯ ಶಾಲೆಗಳನ್ನುಳ್ಳ ಯಾವ ದೇಶವೂ ಗಮನಿಸಬೇಕಾದ ಅಂಶ ಇದು.

ಸತತ ಪ್ರಯತ್ನ ಹುಟ್ಟುವ ಬಗೆ

ಗಣಿತದ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಆರು ಅಂಕ ಪಡೆದ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಬಹುದು. "ಗಣಿತ ನನ್ನ ತಲೆಗೆ ಹತ್ತುವುದಿಲ್ಲ" ಎಂದು ಅವಳು ತೀರ್ಮಾನಿಸಿದರೆ ಆ ತೀರ್ಮಾನದಿಂದ ಅವಮಾನ ಹುಟ್ಟುತ್ತದೆ. ಅವಮಾನದಿಂದ ಪುಸ್ತಕವನ್ನು ದೂರವಿಡುವ ಮನಸ್ಸಾಗುತ್ತದೆ. ಅಭ್ಯಾಸ ತಪ್ಪಿ ಮುಂದಿನ ಪರೀಕ್ಷೆಯಲ್ಲಿ ಅಂಕ ಇನ್ನೂ ಇಳಿಯುತ್ತದೆ. ಮೊದಲಿನ ತೀರ್ಮಾನವೇ ಸತ್ಯವೆಂದು ತೋರುತ್ತದೆ. ಇದೊಂದು ವಿಷಚಕ್ರ. ಬುದ್ಧಿವಾದದಿಂದಾಗಲಿ ಗದರಿಕೆಯಿಂದಾಗಲಿ ಇದು ಒಡೆಯುವುದಿಲ್ಲ.

ಕ್ಷೇಮ ಕೌಶಲಗಳು ಈ ಚಕ್ರವನ್ನು ಹಲವು ಕಡೆ ತಡೆಯುತ್ತವೆ. ಸ್ವಅರಿವಿನ ಅಭ್ಯಾಸವಿದ್ದವಳು ತನಗಾದದ್ದು ಅವಮಾನವೆಂದು ಗುರುತಿಸುತ್ತಾಳೆ. ಭಾವನೆಗಳ ನಿರ್ವಹಣೆ ಬಲ್ಲವಳು ಅದು ತಣಿಯುವವರೆಗೆ ಕಾಯುತ್ತಾಳೆ. ವಿಮರ್ಶಾತ್ಮಕ ಚಿಂತನೆಯಿಂದ "ಗಣಿತವೇ ಬಾರದು" ಎಂಬ ಮಾತನ್ನು ಒರೆಗೆ ಹಚ್ಚಿ, "ಭಿನ್ನರಾಶಿಗಳಿರುವ ಸಮೀಕರಣ ಬಿಡಿಸುವ ಹಂತ ನನಗೆ ತಿಳಿದಿಲ್ಲ" ಎಂಬ ನಿಖರವಾದ ಮಾತಿಗೆ ಬರುತ್ತಾಳೆ. ಸಂವಹನ ಕೌಶಲವಿದ್ದರೆ ಶಿಕ್ಷಕರ ಬಳಿ ಹೋಗಿ ಕೇಳುತ್ತಾಳೆ. ದೊಡ್ಡ ಸೋಲು ಈಗ ಬಿಡಿಸಬಹುದಾದ ಚಿಕ್ಕ ಸಮಸ್ಯೆಯಾಗಿದೆ. ಆದ್ದರಿಂದ ಛಲವೆಂಬುದು ಹುಟ್ಟಿನಿಂದ ಬಂದ ಗುಣ ಮಾತ್ರವಲ್ಲ. ಇಂತಹ ಸಣ್ಣ ಸಣ್ಣ ಕೌಶಲಗಳ ಕೂಟದ ಫಲವೂ ಹೌದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸತತ ಪ್ರಯತ್ನವೆಂದರೆ ಕುರುಡು ಹಠವಲ್ಲ. ಫಲ ನೀಡದ ವಿಧಾನವನ್ನು ಬಿಟ್ಟು ಬೇರೊಂದನ್ನು ಹಿಡಿಯುವುದೂ, ಸಹಾಯ ಕೇಳುವುದೂ, ದಣಿದಾಗ ವಿಶ್ರಮಿಸುವುದೂ ಅದರ ಭಾಗಗಳೇ. ಹಸಿದು ಶಾಲೆಗೆ ಬರುವ ಮಗುವಿಗಾಗಲಿ, ಏಟಿಗೆ ಅಂಜುವ ಮಗುವಿಗಾಗಲಿ "ಛಲ ಬೆಳೆಸಿಕೋ" ಎಂದು ಹೇಳುವುದು ಹಿರಿಯರ ಹೊಣೆಯನ್ನು ಕಿರಿಯರ ಹೆಗಲಿಗೇರಿಸಿದಂತೆ. ಮೊದಲು ಅನ್ನ ಮತ್ತು ಅಭಯ, ಅನಂತರ ಕೌಶಲ.

ತನ್ಮಯತೆ ಹುಟ್ಟುವ ಬಗೆ

ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯದಂತೆ ಮುಳುಗುವುದೇ ತನ್ಮಯತೆ. ಈ ಸ್ಥಿತಿಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಅವರು, ಎದುರಿರುವ ಸವಾಲು ಮತ್ತು ಮಾಡುವವನ ಸಾಮರ್ಥ್ಯ ಸಮತೂಕದಲ್ಲಿದ್ದಾಗ ತನ್ಮಯತೆ ಉಂಟಾಗುವುದೆಂದು ತೋರಿಸಿಕೊಟ್ಟರು. ಸವಾಲು ಅತಿಯಾದರೆ ಆತಂಕ; ತೀರ ಕಡಿಮೆಯಾದರೆ ಬೇಸರ. ಒಂದೇ ತರಗತಿಯಲ್ಲಿ ಕೆಲವರು ಆತಂಕದಿಂದಲೂ ಕೆಲವರು ಬೇಸರದಿಂದಲೂ ಪಾಠದಿಂದ ಹೊರಗುಳಿದಿರುತ್ತಾರೆ. ಹೊರನೋಟಕ್ಕೆ ಇಬ್ಬರೂ ಕಿಟಕಿಯಾಚೆ ನೋಡುತ್ತಿರುತ್ತಾರೆ. ಆದರೆ ಇಬ್ಬರಿಗೂ ಬೇಕಾದ ಉಪಾಯ ಬೇರೆ ಬೇರೆ. ಇದನ್ನು ಗುರುತಿಸಲು ಶಿಕ್ಷಕರಿಗೆ ವಿದ್ಯಾರ್ಥಿಗಳ ಪರಿಚಯವಿರಬೇಕು. ಬಾಂಧವ್ಯವಿಲ್ಲದ ಕಡೆ ತನ್ಮಯತೆ ಕಷ್ಟಸಾಧ್ಯ.

ತರಗತಿಯಲ್ಲಿ ಕಲಿಸುವ ಕ್ರಮ

ಕ್ಷೇಮಪಾಠವು ನೀತಿಬೋಧೆಯ ಉಪನ್ಯಾಸವಾಗಬಾರದು. ಮಾಡಿ ಕಲಿಯುವುದೇ ಅದರ ಮುಖ್ಯ ಲಕ್ಷಣ. ಸಾಮಾನ್ಯವಾಗಿ ಬಳಕೆಯಲ್ಲಿರುವ ಕೆಲವು ಚಟುವಟಿಕೆಗಳನ್ನು ಇಲ್ಲಿ ಕೊಡಲಾಗಿದೆ.

ಭಾವನೆಗೆ ಹೆಸರಿಡುವುದು: ದಿನದ ಆರಂಭದಲ್ಲಿ ವಿದ್ಯಾರ್ಥಿಗಳು ತಮ್ಮ ಮನಸ್ಥಿತಿಯನ್ನು ಒಂದೇ ಪದದಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅದನ್ನು ಓದಿಹೇಳಬೇಕೆಂಬ ಕಡ್ಡಾಯವಿಲ್ಲ. ಹೆಸರಿಟ್ಟ ಭಾವನೆಯನ್ನು ನಿಭಾಯಿಸುವುದು ಸುಲಭ.

ಮೂರು ಒಳ್ಳೆಯ ಸಂಗತಿಗಳು: ದಿನದ ಕೊನೆಯಲ್ಲಿ ಅಂದು ನಡೆದ ಮೂರು ಒಳ್ಳೆಯ ಸಂಗತಿಗಳನ್ನೂ, ಅವು ಏಕೆ ನಡೆದವು ಎಂಬುದನ್ನೂ ಬರೆಯುವುದು. "ಏಕೆ" ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯ. ಒಳಿತಿನಲ್ಲಿ ತನ್ನ ಪಾಲೂ ಇದೆಯೆಂಬ ಅರಿವು ಅದರಿಂದ ಮೂಡುತ್ತದೆ.

ತಪ್ಪಿನ ಪರಿಶೀಲನೆ: ಉತ್ತರಪತ್ರಿಕೆ ಮರಳಿ ಬಂದಾಗ ಅಂಕ ನೋಡಿ ಮಡಿಸಿಡದೆ, ಪ್ರತಿ ತಪ್ಪನ್ನೂ "ತಿಳಿಯದೆ ಆದದ್ದು", "ಅವಸರದಿಂದ ಆದದ್ದು", "ಪ್ರಶ್ನೆ ಸರಿಯಾಗಿ ಓದದೆ ಆದದ್ದು" ಎಂದು ವಿಂಗಡಿಸುವುದು. ವಿಂಗಡಣೆ ಮುಗಿದಾಗ ಮುಂದೇನು ಮಾಡಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ನಿಖರವಾದ ಯೋಜನೆ: "ನಾಳೆಯಿಂದ ಚೆನ್ನಾಗಿ ಓದುತ್ತೇನೆ" ಎಂಬ ಸಂಕಲ್ಪ ಬೇಗ ಕರಗುತ್ತದೆ. "ಸಂಜೆ ಆರು ಗಂಟೆಗೆ ದೀಪ ಹಚ್ಚಿದ ಕೂಡಲೇ ಎರಡು ಲೆಕ್ಕ ಮಾಡುತ್ತೇನೆ; ಅಷ್ಟರಲ್ಲಿ ಯಾರಾದರೂ ಆಟಕ್ಕೆ ಕರೆದರೆ ಅರ್ಧ ಗಂಟೆಯ ಅನಂತರ ಬರುತ್ತೇನೆಂದು ಹೇಳುತ್ತೇನೆ" ಎಂಬ ಸಂಕಲ್ಪ ನಿಲ್ಲುತ್ತದೆ. ಹೊತ್ತು, ಸ್ಥಳ, ಅಡ್ಡಿ, ಉಪಾಯ ಇವಿಷ್ಟನ್ನೂ ಮುಂಚಿತವಾಗಿ ಯೋಚಿಸುವುದೇ ಈ ಅಭ್ಯಾಸ.

ಇವುಗಳ ಜೊತೆಗೆ ಭಾಷೆ, ಇತಿಹಾಸ, ವಿಜ್ಞಾನಗಳ ಪಾಠದೊಳಗೂ ಕೌಶಲಗಳನ್ನು ಬೆರೆಸಬಹುದು. ಕಥೆಯೊಂದರ ಪಾತ್ರ ಕೈಗೊಂಡ ನಿರ್ಧಾರವನ್ನು ಚರ್ಚಿಸುವಾಗ ನಿರ್ಧಾರದ ಕೌಶಲವೂ, ಕೈಕೊಟ್ಟ ಪ್ರಯೋಗವನ್ನು ಮತ್ತೆ ಮಾಡುವಾಗ ಸತತ ಪ್ರಯತ್ನವೂ ಪಾಠವಾಗುತ್ತವೆ.

ಎಲ್ಲ ಪ್ರಯೋಗಗಳೂ ಫಲಿಸುವುದಿಲ್ಲ

ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪರಾಮರ್ಶೆಯು 213 ಕಾರ್ಯಕ್ರಮಗಳನ್ನೂ, 2,70,034 ವಿದ್ಯಾರ್ಥಿಗಳನ್ನೂ ಒಳಗೊಂಡಿತ್ತು. ಸಾಮಾಜಿಕ ಮತ್ತು ಭಾವನಾತ್ಮಕ ಕೌಶಲಗಳನ್ನು ಕಲಿತ ಮಕ್ಕಳು ವಿದ್ಯಾಭ್ಯಾಸದಲ್ಲಿ ಸರಾಸರಿ 11 ಶತಾಂಶ ಸ್ಥಾನಗಳಷ್ಟು ಮುಂದೆ ಬಂದುದನ್ನು ಅದು ದಾಖಲಿಸಿತು. ಕ್ರಮಬದ್ಧವಾಗಿ, ಚಟುವಟಿಕೆಗಳ ಮೂಲಕ, ಸಾಕಷ್ಟು ಸಮಯ ಕೊಟ್ಟು, ಸ್ಪಷ್ಟ ಗುರಿಯಿಟ್ಟು ಕಲಿಸಿದ ಕಾರ್ಯಕ್ರಮಗಳೇ ಹೆಚ್ಚು ಫಲ ಕೊಟ್ಟವು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೆ. ಬ್ರಿಟನ್ನಿನ 85 ಶಾಲೆಗಳಲ್ಲಿ, 11ರಿಂದ 14 ವರ್ಷದ ಎಂಟು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ನಡುವೆ ಸಾವಧಾನತೆಯ ಬೋಧನೆಯನ್ನು ಪರೀಕ್ಷಿಸಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶಾಲೆಗಳಲ್ಲಿ ಮೊದಲಿನಿಂದ ನಡೆಯುತ್ತಿದ್ದ ಸಾಮಾನ್ಯ ಬೋಧನೆಗಿಂತ ಅದರಿಂದ ವಿದ್ಯಾರ್ಥಿಗಳಿಗೆ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ. ಬಹಳ ಮಂದಿ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಒಂದೇ ಕೌಶಲವನ್ನು ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಕಲಿಸುವುದು ಸಾಲದೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ದೇಶದ ಬಿಹಾರದ ನಳಂದಾ ಜಿಲ್ಲೆಯಲ್ಲಿ 74 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ ಕೆಲವು ಶಾಲೆಗಳಲ್ಲಿ ಇದೇ ಕೆಲಸಕ್ಕೆಂದು ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರನ್ನು ನೇಮಿಸಲಾಯಿತು. ಇನ್ನು ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಶಿಕ್ಷಕರಿಗೆ ಒಪ್ಪಿಸಲಾಯಿತು. ಆಪ್ತಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು. ಪೀಡನೆಯೂ, ಖಿನ್ನತೆಯ ಲಕ್ಷಣಗಳೂ ಕಡಿಮೆಯಾದವು. ಶಿಕ್ಷಕರಿಗೆ ಒಪ್ಪಿಸಿದ ಶಾಲೆಗಳಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಇದರಿಂದ ಶಿಕ್ಷಕರು ಅಸಮರ್ಥರೆಂದು ತಿಳಿಯಬೇಕಾಗಿಲ್ಲ. ಇರುವ ಹೊರೆಯ ಮೇಲೆ ಮತ್ತೊಂದನ್ನು ಹೇರಿದರೆ ಎರಡೂ ಸಾಗುವುದಿಲ್ಲ; ಕೆಲಸಕ್ಕೆ ತಕ್ಕ ಬಿಡುವು ದೊರೆಯಬೇಕು.

ಭಾರತದಲ್ಲಿ ನಡೆದಿರುವ ಯತ್ನಗಳು

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಪ್ರೌಢಶಾಲೆಗಳಿಗಾಗಿ ಜೀವನ ಕೌಶಲ ಶಿಕ್ಷಣದ ಮಾದರಿಯೊಂದನ್ನು ರೂಪಿಸಿದ ಸಂಸ್ಥೆಗಳಲ್ಲಿ ಪ್ರಮುಖವಾದುದು. ಒಂದು ವರ್ಷ ಈ ಶಿಕ್ಷಣ ಪಡೆದ 605 ವಿದ್ಯಾರ್ಥಿಗಳನ್ನು, ಪಡೆಯದ 423 ವಿದ್ಯಾರ್ಥಿಗಳೊಡನೆ ಹೋಲಿಸಿದ ಅದರ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶಿಕ್ಷಣ ಪಡೆದವರಲ್ಲಿ ಆತ್ಮಗೌರವವೂ, ಕಷ್ಟಗಳನ್ನು ನಿಭಾಯಿಸಬಲ್ಲೆವೆಂಬ ಭರವಸೆಯೂ, ಶಾಲೆ ಮತ್ತು ಶಿಕ್ಷಕರೊಡನೆ ಹೊಂದಾಣಿಕೆಯೂ ಹೆಚ್ಚಾಗಿದ್ದವು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಶಾಲೆಯ ಪಾಠ ಮನೆಯ ಹೊಸ್ತಿಲು ದಾಟಬೇಕಾದರೆ ಪಾಲಕರೂ ಕೈಜೋಡಿಸಬೇಕೆಂಬುದಕ್ಕೆ ಇದೊಂದು ಸೂಚನೆ.

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈ 2ರಂದು ಸಂತೋಷದ ಪಠ್ಯಕ್ರಮವನ್ನು ದಲೈ ಲಾಮಾ ಅವರ ಸಮ್ಮುಖದಲ್ಲಿ ಆರಂಭಿಸಲಾಯಿತು. ಅದು 8ನೆಯ ತರಗತಿಯವರೆಗಿನ ಮಕ್ಕಳಿಗಾಗಿ ರೂಪಿಸಿದ್ದಾಗಿತ್ತು. ಆಯುಷ್ಮಾನ್ ಭಾರತ ಯೋಜನೆಯಡಿ 2020ರ ಫೆಬ್ರವರಿ 12ರಂದು ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮಕ್ಕೆ ಚಾಲನೆ ನೀಡಲಾಯಿತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು ಆರೋಗ್ಯ ಮತ್ತು ಕ್ಷೇಮ ರಾಯಭಾರಿಗಳನ್ನಾಗಿ ತರಬೇತುಗೊಳಿಸುವುದು ಅದರ ಕ್ರಮ. ಅದರ 11 ವಿಷಯಗಳಲ್ಲಿ ಭಾವನಾತ್ಮಕ ಕ್ಷೇಮ ಮತ್ತು ಮಾನಸಿಕ ಆರೋಗ್ಯವೂ ಒಂದು. ಅದೇ ವರ್ಷ ಅಂಗೀಕೃತವಾದ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲೆಗಳಲ್ಲಿ ಆಪ್ತಸಲಹೆಗಾರರ ಸೇವೆಯನ್ನು ಪ್ರತಿಪಾದಿಸಿದೆ.

ಹೊರನಾಡ ಕನ್ನಡ ಕುಟುಂಬಗಳಲ್ಲಿ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಶಾಲೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಮನೆಯಲ್ಲಿ ಕನ್ನಡ ಎಂಬಂತೆ ಬೆಳೆಯುತ್ತಾರೆ. ತಂದೆತಾಯಿಯರ ವರ್ಗಾವಣೆಯಿಂದ ಶಾಲೆ ಬದಲಾಗುವುದೂ, ಗೆಳೆಯರು ದೂರವಾಗುವುದೂ ಸಾಮಾನ್ಯ. ಈ ಮಕ್ಕಳಿಗೆ ಮನೆಮಾತು ಮನಸ್ಸಿನ ಮಾತೂ ಆಗಬಲ್ಲದು. ಇಲ್ಲಿ ಒಂದು ಸೂಕ್ಷ್ಮವನ್ನು ಪಾಲಕರು ಗಮನಿಸಬೇಕು. ಕನ್ನಡದಲ್ಲಿ "ಬೇಜಾರು" ಎಂಬ ಒಂದೇ ಮಾತು ಮಾಡಲು ಕೆಲಸವಿಲ್ಲದ ಸ್ಥಿತಿಗೂ, ದುಃಖಕ್ಕೂ, ದಣಿವಿಗೂ, ಮುನಿಸಿಗೂ ಸಲ್ಲುತ್ತದೆ. "ಬೇಜಾರಾಗಿದೆ" ಎಂದು ಮಗ ಅಥವಾ ಮಗಳು ಹೇಳಿದಾಗ ಟಿವಿ ಹಾಕಿ ಕೊಡುವುದು ಉತ್ತರವಲ್ಲ. ಅದು ದಿಗಿಲೇ, ಸಂಕೋಚವೇ, ಅವಮಾನವೇ, ಒಂಟಿತನವೇ ಎಂದು ಮೆಲ್ಲನೆ ವಿಚಾರಿಸಿದರೆ ಮಗುವಿಗೆ ತನ್ನ ಭಾವನೆಯ ಹೆಸರು ಸಿಗುತ್ತದೆ. ತಂದೆತಾಯಿಗೆ ಅದರ ಕಾರಣ ಸಿಗುತ್ತದೆ.

ಶಾಲೆಯಿಂದ ಬಂದ ಮಗುವನ್ನು "ಎಷ್ಟು ಅಂಕ ಬಂತು" ಎಂದು ಕೇಳುವುದಕ್ಕೆ ಮೊದಲು "ಇಂದು ಯಾವುದು ಕಷ್ಟವೆನಿಸಿತು, ಆಗ ಏನು ಮಾಡಿದೆ" ಎಂದು ಕೇಳುವುದು ಮೇಲು. ನೆರೆಮನೆಯ ಮಕ್ಕಳೊಡನೆ ಹೋಲಿಸುವುದಕ್ಕಿಂತ ಮಗುವಿನ ಇಂದಿನ ಪ್ರಯತ್ನವನ್ನು ನಿನ್ನೆಯದರೊಡನೆ ಹೋಲಿಸುವುದು ಲೇಸು. ಕನ್ನಡ ಸಂಘಗಳು ಹೆಚ್ಚು ಅಂಕ ಪಡೆದವರನ್ನು ಪ್ರತಿಭಾ ಪುರಸ್ಕಾರದಿಂದ ಗೌರವಿಸುವ ಪದ್ಧತಿ ಶ್ಲಾಘನೀಯ. ಅದೇ ವೇದಿಕೆಯಲ್ಲಿ, ಒಮ್ಮೆ ಅನುತ್ತೀರ್ಣರಾಗಿ ಮತ್ತೆ ಓದಿ ತೇರ್ಗಡೆಯಾದವರಿಗೂ ಒಂದು ಆಸನವಿದ್ದರೆ ಸತತ ಪ್ರಯತ್ನಕ್ಕೆ ಅದಕ್ಕಿಂತ ಮಿಗಿಲಾದ ಪಾಠ ಬೇಕಿಲ್ಲ.

ಕ್ಷೇಮಪಾಠವು ಚಿಕಿತ್ಸೆಗೆ ಬದಲಿಯಲ್ಲವೆಂಬುದನ್ನೂ ಮರೆಯಬಾರದು. ಮಗುವಿನ ನಿದ್ರೆ ಅಥವಾ ಊಟ ವಾರಗಟ್ಟಲೆ ಕೆಟ್ಟರೆ, ಅದು ಎಲ್ಲರಿಂದ ದೂರವಾಗುತ್ತಿದ್ದರೆ, ಬದುಕು ಸಾಕೆಂಬ ಮಾತನಾಡಿದರೆ ಅದನ್ನು ಹುಡುಗಾಟಿಕೆಯೆಂದು ತಳ್ಳಿಹಾಕದೆ ಕೂಡಲೇ ತಜ್ಞರ ನೆರವು ಪಡೆಯಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ದೇಶದ ಯಾವ ಮೂಲೆಯಲ್ಲಿದ್ದರೂ ಕನ್ನಡ ಭಾಷೆಯನ್ನು ಆಯ್ದುಕೊಂಡು ಮಾತನಾಡುವ ಸೌಲಭ್ಯ ಅದರಲ್ಲಿದೆ.

ಉಪಸಂಹಾರ

ಕ್ಷೇಮಕ್ಕೆ ಕೊಟ್ಟ ಸಮಯ ಓದಿನಿಂದ ಕದ್ದ ಸಮಯವೆಂಬ ಭಾವನೆ ಸರಿಯಲ್ಲವೆಂದು ಭೂತಾನದ ಅನುಭವ ತೋರಿಸಿದೆ. ಆದರೆ ತರಬೇತಿ ತೆಳುವಾದರೆ ಫಲವೂ ತೆಳುವಾಗುತ್ತದೆ. ಶಿಕ್ಷಕರಿಗೆ ಬಿಡುವಿಲ್ಲದಿದ್ದರೆ ಪಾಠ ಹೆಸರಿಗೆ ಮಾತ್ರ ಉಳಿಯುತ್ತದೆ. ಮನೆ ಕೈಜೋಡಿಸದಿದ್ದರೆ ಕಲಿತದ್ದು ಶಾಲೆಯ ಅಂಗಳದಲ್ಲೇ ನಿಲ್ಲುತ್ತದೆ. ಸೋತ ದಿನವೂ ಮರುದಿನ ಬೆಳಗ್ಗೆ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಡುವ ಧೈರ್ಯವನ್ನು ಮಕ್ಕಳಲ್ಲಿ ತುಂಬುವುದು ಶಾಲೆ, ಮನೆ ಮತ್ತು ಸಮಾಜಗಳ ಕೂಡುಹೊಣೆ.